ಹಿಡಿದವನಿಗೆ ರೀಪ್ಲೇ ಇಲ್ಲ

ಹಂಪನಕಟ್ಟೆ ಸಿಗ್ನಲ್ಲಿನಿಂದ ಸ್ವಲ್ಪ ಒಳಗೆ ಒಂದು ಹಳೆಯ ಹೋಟೆಲು. ಊರಿಂದ ಬೆಂಗಳೂರಿಗೆ ಹೊರಡುವ ದಿನ ನಾನೂ ಭಾವನೂ ಅಲ್ಲಿ ಗೋಳಿಬಜೆ, ಚಾ ಮುಗಿಸದೆ ನಾನು ಬಸ್ಸು ಹತ್ತುವುದಿಲ್ಲ. ಭಾವ ಅಂದರೆ ನನ್ನ ಸೋದರತ್ತೆಯ ಮಗ. ಕಳೆದ ಸಲ ಹೋದಾಗ ಗೋಡೆಯ ಟಿವಿಯಲ್ಲಿ ಪ್ರೊ ಕಬಡ್ಡಿ ಬರ್ತಾ ಇತ್ತು. ರೈಡರ್ ಒಬ್ಬ ಇಬ್ಬರನ್ನು ಮುಟ್ಟಿ ಗೆರೆ ದಾಟಿದ. ಹೋಟೆಲಿಗೆ ಹೋಟೆಲೇ "ಹೋ" ಅಂತು. ಮುಂದಿನಿಂದ, ಹಿಂದಿನಿಂದ, ಮೇಲಿನಿಂದ ಅಂತ ಮೂರು ರೀಪ್ಲೇ. ಸ್ವಲ್ಪ ಹೊತ್ತಿಗೆ ಅದೇ ರೈಡರ್ ಮತ್ತೆ ಬಂದ. ಎಡ ಕಾರ್ನರಿನವ ಅವನ ಕಣಕಾಲು ಹಿಡಿದು ಮಲಗಿಸಿಬಿಟ್ಟ. ಒಂದು ಶಿಳ್ಳೆ, ಆಮೇಲೆ ನೇರ ಜಾಹೀರಾತು.

"ನೋಡಿದ್ಯಾ ಭಾವ, ಹಿಡಿದವನಿಗೆ ರೀಪ್ಲೇ ಇಲ್ಲ" ಅಂದ ಅವನು, ಗೋಳಿಬಜೆ ಚಟ್ನಿಗೆ ಅದ್ದುತ್ತಾ.

ಹತ್ತು ವರ್ಷ ನಮ್ಮೂರ ತಂಡದಲ್ಲಿ ಎಡ ಕಾರ್ನರ್ ಆಡಿದವ ಅವನು. ಹೊಟ್ಟೆಕಿಚ್ಚಿನ ಮಾತಲ್ಲ, ಲೆಕ್ಕದ ಮಾತು. ಬಸ್ಸಿನಲ್ಲಿ ಕೂತ ಮೇಲೂ ಅದು ನನ್ನ ತಲೆಯಿಂದ ಹೋಗಲಿಲ್ಲ.

ಶಿರಾಡಿ ಘಾಟಿ ಹತ್ತುವವರೆಗೆ ಮೊಬೈಲಿನಲ್ಲಿ ಓದಿದ್ದು ಬ್ರ್ಯಾಂಡನ್ ಚಿಲ್ಲರ್ ಎನ್ನುವವನ ಕತೆ. ಅಮೆರಿಕನ್ ಫುಟ್‌ಬಾಲಿನಲ್ಲಿ ಲೈನ್‌ಬ್ಯಾಕರ್. ಆ ಆಟ ನೋಡದವರಿಗೆ ನಮ್ಮ ಭಾಷೆಯಲ್ಲೇ ಹೇಳುವುದಾದರೆ, ಎದುರಿನವನ ಓಟವನ್ನು ಓದಿ, ಅಡ್ಡ ಹೋಗಿ, ಹಿಡಿದು ಕೆಡಹುವವ. ಕಾರ್ನರಿನವನ ಕಣ್ಣು, ಕವರಿನವನ ಭುಜ ಎರಡೂ ಬೇಕು. ಚಿಲ್ಲರ್ ತಂದೆ ಭಾರತ ಮೂಲದವರು. 2004ರಲ್ಲಿ ಸೇಂಟ್ ಲೂಯಿಸ್ ರ‍್ಯಾಮ್ಸ್ ತಂಡ ಅವನನ್ನು ನಾಲ್ಕನೇ ಸುತ್ತಿನಲ್ಲಿ ಆರಿಸಿತು. 2008ಕ್ಕೆ ಗ್ರೀನ್ ಬೇ ಪ್ಯಾಕರ್ಸ್. 2009ರ ಡಿಸೆಂಬರಿನಲ್ಲಿ ನಾಲ್ಕು ವರ್ಷದ ಹೊಸ ಒಪ್ಪಂದವೂ ಆಯಿತು. ಮರುವರ್ಷವೇ ಗಾಯ. 2011ರ ಫೆಬ್ರವರಿಯಲ್ಲಿ ಪ್ಯಾಕರ್ಸ್ ಸೂಪರ್ ಬೌಲ್ ಗೆದ್ದಾಗ ಇವನ ಹೆಸರಿದ್ದದ್ದು ಗಾಯಾಳುಗಳ ಪಟ್ಟಿಯಲ್ಲಿ. ಅದೇ ವರ್ಷ ತಂಡ ಕೈಬಿಟ್ಟಿತು. ಏಳು ವರ್ಷದ ವೃತ್ತಿ ಮೂವತ್ತು ತುಂಬುವ ಮೊದಲೇ ಮುಗಿಯಿತು.

ಇದೇ ಚಿಲ್ಲರ್ 2011ರಲ್ಲಿ ಭಾರತಕ್ಕೆ ಅಮೆರಿಕನ್ ಫುಟ್‌ಬಾಲ್ ತರಲು ಹೊರಟ ಎಲೀಟ್ ಫುಟ್‌ಬಾಲ್ ಲೀಗಿನಲ್ಲಿ ಹಣ ಹೂಡಿದವರಲ್ಲೊಬ್ಬ. ಕೋಚ್ ಮೈಕ್ ಡಿಟ್ಕಾ, ನಟ ಮಾರ್ಕ್ ವಾಲ್‌ಬರ್ಗ್‌ರಂಥ ದೊಡ್ಡ ಹೆಸರುಗಳೂ ಜೊತೆಗಿದ್ದವು. ನಮ್ಮ ರಾಜಧಾನಿಗೂ ಒಂದು ತಂಡ ಕೊಟ್ಟಿದ್ದರು, ಬೆಂಗಳೂರು ವಾರ್‌ಹಾಕ್ಸ್ ಅಂತ. ನೀವು ಹೆಸರು ಕೇಳಿದ್ದೀರಾ? ನಾನು ಆಗ ಬೆಂಗಳೂರಿನಲ್ಲೇ ಇದ್ದೆ, ಕೇಳಿರಲಿಲ್ಲ. ಕೇಳುವುದಾದರೂ ಹೇಗೆ? 2012ರಲ್ಲಿ ಮೊದಲ ಆಟಗಳನ್ನು ಶ್ರೀಲಂಕಾದಲ್ಲಿ ಆಡಿಸಿ ಟಿವಿಗೆ ಬಿಟ್ಟರು. ಬೆಂಗಳೂರಿನ ಹೆಸರಿನ ತಂಡಕ್ಕೆ ಬೆಂಗಳೂರಿನಲ್ಲಿ ಒಂದು ಗಲ್ಲಿ ಇರಲಿಲ್ಲ, ಒಂದು ಶಾಲೆಯ ಮೈದಾನ ಇರಲಿಲ್ಲ, ಬೈಯಲು ಒಬ್ಬ ಅಭಿಮಾನಿಯೂ ಇರಲಿಲ್ಲ. ಹಿಡಿದು ಕೆಡಹುವ ಆಟ ಮಣ್ಣಿನಲ್ಲೇ ಇರುವ ದೇಶಕ್ಕೆ ಹಿಡಿದು ಕೆಡಹುವುದನ್ನು ಕಲಿಸಲು ಬಂದರು. 2014ರ ಜುಲೈಯಲ್ಲಿ ಪ್ರೊ ಕಬಡ್ಡಿ ಶುರುವಾದಾಗ ಯಾರಿಗೂ ಏನೂ ಕಲಿಸಬೇಕಾಗಲಿಲ್ಲ. ನೋಡುವವರು ಮೊದಲೇ ಇದ್ದರು, ಆಡುವವರೂ ಇದ್ದರು.

ಇಷ್ಟರ ಮಟ್ಟಿಗೆ ಪ್ರೊ ಕಬಡ್ಡಿಗೆ ಪೂರ್ತಿ ಅಂಕ. ನನ್ನ ತಕರಾರು ಇರುವುದು ಅದು ನಮ್ಮ ಕಣ್ಣಿಗೆ ಕಲಿಸಿದ ಅಭ್ಯಾಸದ ಬಗ್ಗೆ.

ಲೆಕ್ಕ ನೋಡಿ. ಪರ್‌ದೀಪ್ ನರ್ವಾಲ್ ರೈಡಿನಲ್ಲಿ ಗಳಿಸಿದ ಅಂಕ 1,700ರ ಮೇಲೆ. ಡಿಫೆಂಡರುಗಳಲ್ಲಿ ಎಲ್ಲರಿಗಿಂತ ಮುಂದಿರುವ ಇರಾನಿನ ಫಜಲ್ ಅತ್ರಾಚಲಿ 500 ದಾಟಿದ್ದೇ ದೊಡ್ಡ ಸುದ್ದಿ. ಹಾಗಾದರೆ ಫಜಲ್ ಮೂರರಲ್ಲೊಂದು ಭಾಗದ ಆಟಗಾರನಾ? ರೈಡರ್ ಒಂದೇ ಉಸಿರಿಗೆ ಮೂರು ಅಂಕ ತರಬಹುದು. ಹಿಡಿದರೆ ಸಿಗುವುದು ಒಂದೇ, ಅಂಕಣದಲ್ಲಿ ಮೂರೋ ಅದಕ್ಕಿಂತ ಕಡಿಮೆಯೋ ಜನ ಉಳಿದಾಗ ಮಾತ್ರ ಎರಡು. ಹಿಡಿತ ತಪ್ಪಿದರೆ ಎದುರಾಳಿಗೆ ಅಂಕವೂ ಹೋಯ್ತು, ನೀನೂ ಹೊರಗೆ. ಲೀಗಿಗೂ ಇದು ಗೊತ್ತು. ಅದಕ್ಕೇ ರೈಡರಿಗೆ ಹತ್ತಾದರೆ 'ಸೂಪರ್ ಟೆನ್', ಡಿಫೆಂಡರಿಗೆ ಐದಾದರೇ 'ಹೈ ಫೈವ್'. ಗೊತ್ತಿದ್ದೂ ಕ್ಯಾಮೆರಾ ಮಾತ್ರ ರೈಡರಿನ ಹಿಂದೆಯೇ ಓಡುತ್ತದೆ.

ಇನ್ನೊಂದು ಸೂಕ್ಷ್ಮ ಉಂಟು. ಹಿಡಿತ ಒಬ್ಬನ ಕೆಲಸ ಅಲ್ಲ. ಕಾರ್ನರಿನವ ಕಾಲು ಹಿಡಿದ ಕ್ಷಣಕ್ಕೆ ಕವರಿನವ ಮೈಮೇಲೆ ಬೀಳದಿದ್ದರೆ ರೈಡರ್ ಅವನನ್ನೂ ಎಳೆದುಕೊಂಡು ಗೆರೆ ಮುಟ್ಟುತ್ತಾನೆ. ನಾಲ್ವರು ಸೇರಿ ಕೆಡಹಿದರೂ ಪರದೆಯ ಮೇಲೆ ಬರುವುದು ಒಂದು ಹೆಸರು. ಅಮೆರಿಕದವರು ಈ ವಿಷಯದಲ್ಲಿ ಸ್ವಲ್ಪ ನ್ಯಾಯವಂತರು. ಅಲ್ಲಿ 'ಅಸಿಸ್ಟ್' ಅಂತ ಬೇರೆ ಕಾಲಮ್ಮೇ ಇದೆ. ಇಬ್ಬರು ಸೇರಿ ಕ್ವಾರ್ಟರ್‌ಬ್ಯಾಕನ್ನು ಕೆಡಹಿದರೆ ಇಬ್ಬರಿಗೂ ಅರ್ಧರ್ಧ. ಅವರಿಗೂ ಇದು ತಡವಾಗಿಯೇ ಹೊಳೆದದ್ದು. ಹಾಗೆ ಕೆಡಹುವ 'ಸ್ಯಾಕ್' ಅಧಿಕೃತ ಲೆಕ್ಕಕ್ಕೆ ಬಂದದ್ದು 1982ರಲ್ಲಿ.

ಖಾಲಿ ರೈಡಿನ ಕತೆ ಇನ್ನೂ ಬೇಸರದ್ದು. ರೈಡರ್ ಬಂದ, ಮೂವತ್ತು ಸೆಕೆಂಡ್ ಆಚೀಚೆ ಕುಣಿದ, ಏನೂ ಸಿಗದೆ ವಾಪಸ್ ಹೋದ. ಕಾಮೆಂಟರಿಯವರಿಗೆ ಅದು ಮಾತು ತುಂಬಿಸುವ ಹೊತ್ತು. ನಿಜವಾಗಿ ಅಲ್ಲಿ ಏಳು ಜನ ಕೆಲಸ ಮಾಡಿರುತ್ತಾರೆ. ಬೋನಸ್ ಗೆರೆ ಕೊಡಲಿಲ್ಲ, ಮುಟ್ಟಲು ಕೈ ಕೊಡಲಿಲ್ಲ. ಎರಡು ಖಾಲಿ ಆದರೆ ಮೂರನೆಯದು 'ಮಾಡು ಇಲ್ಲವೇ ಮಡಿ'. ಆ ಒತ್ತಡ ಕಟ್ಟಿದ್ದು ಯಾರು? ಯಾವ ಪಟ್ಟಿಯಲ್ಲೂ ಹೆಸರಿಲ್ಲ. ರಾತ್ರಿ ಎರಡಕ್ಕೆ ಎದ್ದು ಸರ್ವರ್ ಬೀಳದ ಹಾಗೆ ನೋಡಿಕೊಂಡವರು ಅಪ್ರೈಸಲ್ ಫಾರ್ಮಿನಲ್ಲಿ ಏನು ಬರೆಯಬೇಕು ಅಂತ ಕೂತಿರುತ್ತೇವಲ್ಲ, ಹಾಗೆ. 'ಏನೂ ಆಗಲಿಲ್ಲ' ಅಂತ ಬರೆದರೆ ಮ್ಯಾನೇಜರ್ ಏನು ಓದಿಯಾನು?

"ಡಿಫೆಂಡರಿಗೆ ದುಡ್ಡು ಬರ್ತದಲ್ಲ ಮಾರಾಯ" ಎನ್ನಬಹುದು. ಹೌದು, ಬರ್ತದೆ. 2018ರಲ್ಲಿ ಫಜಲ್‌ಗೆ ಒಂದು ಕೋಟಿ, 2023ರಲ್ಲಿ ಮೊಹಮ್ಮದ್‌ರೆಜಾ ಶಾದ್ಲೂಗೆ 2.35 ಕೋಟಿ. ಅಂದರೆ ತಂಡ ಕಟ್ಟುವವರಿಗೆ ಬೆಲೆ ಗೊತ್ತು. ಗೊತ್ತಿಲ್ಲದಿರುವುದು ನೋಡುವ ನಮಗೆ. 2022ರ ಫೆಬ್ರವರಿ ಫೈನಲಿನಲ್ಲಿ ಪಾಟ್ನಾ ಒಂದೇ ಅಂಕದಿಂದ, 36–37ಕ್ಕೆ ಸೋತಾಗ ಕರಾವಳಿಯ ನಾವೆಲ್ಲ ಮರುಗಿದ್ದು ನಾಯಕ ಪ್ರಶಾಂತ್ ರೈಗೆ. ನಮ್ಮವನು, ಸರಿ. ಆದರೆ ಆ ಸೀಸನ್ನಿನಲ್ಲಿ ಅತಿ ಹೆಚ್ಚು ಹಿಡಿತದ ಅಂಕ ಗಳಿಸಿ ತಂಡವನ್ನು ಅಲ್ಲಿಯವರೆಗೆ ತಂದವರಲ್ಲಿ ಶಾದ್ಲೂ ಇದ್ದ ಅಂತ ನನಗೆ ನೆನಪಾದದ್ದು ಈಗ, ಇದನ್ನು ಬರೆಯುವಾಗ. ಪ್ರಶಾಂತ್ ರೈ, ಸುಕೇಶ್ ಹೆಗ್ಡೆ, ನಾವು ಎದೆ ತಟ್ಟಿ ಹೇಳುವ ಹೆಸರೆಲ್ಲ ರೈಡರುಗಳದ್ದೇ. ಮನೆಯಲ್ಲೇ ಒಬ್ಬ ಕಾರ್ನರ್ ಇದ್ದೂ ನನ್ನ ಕಪಾಟಿನಲ್ಲಿರುವುದು ಪವನ್ ಸೆಹ್ರಾವತ್ ಹೆಸರಿನ ಬುಲ್ಸ್ ಜೆರ್ಸಿ.

ನಮ್ಮ ಊರಿನ ಹೊನಲು ಬೆಳಕಿನ ಪಂದ್ಯಾಟಗಳು ಈ ಒಂದು ವಿಷಯದಲ್ಲಿ ಟಿವಿಗಿಂತ ಮೇಲು. ಆಮಂತ್ರಣ ಪತ್ರಿಕೆಯಲ್ಲೇ ಇರುತ್ತದೆ: ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ, ಸವ್ಯಸಾಚಿ. ಮೂವರಿಗೂ ಟ್ರೋಫಿ. ಭಾವನ ಮನೆಯ ಶೋಕೇಸಿನಲ್ಲಿ ಐದು 'ಹಿಡಿತಗಾರ' ಉಂಟು.

ಹಾಗಂತ ಊರನ್ನೂ ಸುಮ್ಮನೆ ಬಿಡುವ ಹಾಗಿಲ್ಲ. ಭಾವನ ಮಂಡಿ ಹೋದದ್ದು ಅಂಥದ್ದೇ ಒಂದು ಪಂದ್ಯಾಟದಲ್ಲಿ, ರಾತ್ರಿ ಒಂದೂವರೆಗೆ. ಹಿಡಿದ ಕಾಲು ಬಿಡಲಿಲ್ಲ, ಮೇಲೆ ಮೂವರು ಬಿದ್ದರು. ಲೈಟು, ಧ್ವನಿವರ್ಧಕ, ಗಣ್ಯರಿಗೆ ಶಾಲು, ಎಲ್ಲದಕ್ಕೂ ಬಜೆಟ್ಟು ಇತ್ತು. ಐಸ್ ತಂದದ್ದು ಸೋಡಾ ಅಂಗಡಿಯಿಂದ, ಆಸ್ಪತ್ರೆಗೆ ಒಯ್ದದ್ದು ಎದುರಾಳಿ ತಂಡ ಬಂದಿದ್ದ ಟೆಂಪೋದಲ್ಲಿ. ಆಪರೇಷನ್ನಿಗೆ ಅತ್ತೆಯ ಬಳೆ ಅಡವು ಹೋಯ್ತು. ವೀಕ್ಷಕ ವಿವರಣೆಯವರು ಮೈಕಿನಲ್ಲಿ "ಎದೆಗಾರ ಆಟಗಾರ" ಅಂದದ್ದನ್ನು ಅವನು ಈಗಲೂ ನಕ್ಕು ಹೇಳುತ್ತಾನೆ.

ತಡೆಯುವವನ ಮೈಗೆ ಬೆಲೆ ಕಟ್ಟುವುದನ್ನು ದುಡ್ಡಿರುವ ಅಮೆರಿಕವೂ ತಡವಾಗಿ ಕಲಿಯಿತು. ಜೂನಿಯರ್ ಸಿಯಾವು ಎಂಬ ದೊಡ್ಡ ಲೈನ್‌ಬ್ಯಾಕರ್ ಇಪ್ಪತ್ತು ಸೀಸನ್ ಆಡಿ, 2012ರಲ್ಲಿ ಜೀವ ಕಳೆದುಕೊಂಡ. ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟಿನಿಂದ ಬರುವ ಮಿದುಳಿನ ಕಾಯಿಲೆ ಅವನಿಗಿತ್ತು ಎಂದು ಆಮೇಲೆ ಪರೀಕ್ಷೆಯಿಂದ ತಿಳಿಯಿತು. 2015ರಲ್ಲಿ ಕ್ರಿಸ್ ಬೋರ್ಲಂಡ್ ಎಂಬ ಲೈನ್‌ಬ್ಯಾಕರ್ ಒಂದೇ ಸೀಸನ್ ಆಡಿ, 24ನೇ ವಯಸ್ಸಿಗೆ, ತಲೆಯ ಭಯಕ್ಕೆ ಆಟ ಬಿಟ್ಟ. ಕಬಡ್ಡಿಯನ್ನು ಅದಕ್ಕೆ ಹೋಲಿಸುತ್ತಿಲ್ಲ. ಆದರೆ ನಮ್ಮಲ್ಲಿ ಅಷ್ಟು ಲೆಕ್ಕ ಹಾಕಿ ಬಿಡುವ ಅವಕಾಶವೇ ಇಲ್ಲ. ಮಂಡಿ ತಾನಾಗಿ ಬಿಡಿಸುವವರೆಗೆ ಆಡುವುದು, ಅಷ್ಟೇ. ಒಂದು ರಾತ್ರಿಯ ಪಂದ್ಯಾಟಕ್ಕೆ ಒಬ್ಬ ಫಿಸಿಯೋ, ಒಂದು ಆಂಬುಲೆನ್ಸ್, ಆಟಗಾರರಿಗೆ ವಿಮೆ: ಶಾಲುಗಳನ್ನು ಅರ್ಧ ಮಾಡಿದರೆ ಶುರು ಮಾಡಲು ಸಾಕು. ಊರಿನ ಪಂದ್ಯಾಟಕ್ಕೆ ಗೂಗಲ್ ಪೇ ಮಾಡುವ ನನ್ನಂಥ ಬೆಂಗಳೂರಿನವರು ಇನ್ನು ಮೇಲೆ ದುಡ್ಡು ಕಳಿಸುವ ಮೊದಲು ಇದನ್ನು ಕೇಳಬೇಕು. ನಾನಂತೂ ಕೇಳುತ್ತೇನೆ.

ಆ ದಿನ ಹೋಟೆಲಿನಲ್ಲಿ ಜಾಹೀರಾತು ಮುಗಿದು ಆಟ ಮತ್ತೆ ಬಂತು. "ಇವತ್ತು ರೈಡರನ್ನು ನೋಡ್ಬೇಡ" ಅಂದ ಭಾವ. ಚಾದ ಗ್ಲಾಸನ್ನು ಎಡಕ್ಕಿಟ್ಟ, ಚಟ್ನಿ ಬಟ್ಟಲನ್ನು ಅದರ ಪಕ್ಕಕ್ಕೆ. "ಇದು ಕಾರ್ನರ್, ಇದು ಕವರ್. ಗ್ಲಾಸ್ ಅರ್ಧ ಹೆಜ್ಜೆ ಹಿಂದೆ ಹೋಯ್ತಾ, ಅವ ಬೋನಸ್ಸಿಗೆ ಕಾಲು ಹಾಕ್ತಾನೆ. ಹಾಕ್ಲಿ ಅಂತಲೇ ಹೋದದ್ದು." ಟಿವಿಯಲ್ಲಿ ರೈಡರ್ ಕಾಲು ಹಾಕಿದ. ಹೋಟೆಲು "ಛೆ" ಅನ್ನುವ ಮೊದಲೇ ಭಾವನ ಕೈ ಗ್ಲಾಸನ್ನು ಹಿಡಿದಿತ್ತು. ಮಂಡಿಯ ಮೇಲೆ ಇನ್ನೊಂದು ಕೈ ಊರಿ ಅವನು ನಿಧಾನಕ್ಕೆ ಎದ್ದ.

"ನಡಿ ಭಾವ, ಬಸ್ಸಿಗೆ ಹೊತ್ತಾಯ್ತು."