ಕೆಂಪು ದಾರದ ಬಳ್ಳಿ

ನಮ್ಮ ಹಿತ್ತಲಿನ ತಂತಿ ಬೇಲಿಗೆ ಹಬ್ಬಿಸಿರುವ 14 ಅವರೆ ಬಳ್ಳಿಗಳಲ್ಲಿ ಐದಕ್ಕೆ ಬುಡದಲ್ಲಿ ಕೆಂಪು ದಾರ ಕಟ್ಟಿದ್ದೇನೆ. ಸಂಕ್ರಾಂತಿ ಬಂತು, ಗೆಣಸು, ಕಡಲೆಕಾಯಿ, ಅವರೆಕಾಯಿ ಒಟ್ಟಿಗೆ ಬೇಯಿಸುವ ದಿನ. ಆದರೂ ಬುಟ್ಟಿ ಹಿಡಿದು ಹೊರಟವರು ಯಾರೂ ದಾರ ಕಟ್ಟಿದ ಬಳ್ಳಿಗೆ ಕೈ ಹಾಕುವ ಹಾಗಿಲ್ಲ. ಎಲ್ಲಕ್ಕಿಂತ ದಟ್ಟವಾಗಿ ಗೊನೆ ಬಿಟ್ಟಿರುವುದು ಆ ಐದೇ. ಅವುಗಳ ಕಾಯಿ ಅಡುಗೆಮನೆಗೆ ಬರುವುದಿಲ್ಲ, ಬೀಜಕ್ಕೆ ಬಿಟ್ಟದ್ದು.

ಸ್ವಾವಲಂಬಿಯಾಗಿ ಬದುಕಬೇಕು ಅಂತ ಹೊರಡುವವರು ಈಗ ಪ್ರತಿ ತಿಂಗಳೂ ಒಬ್ಬಿಬ್ಬರು ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದಾಗಿದೆ. ಬೆಂಗಳೂರಿನಲ್ಲಿ ಹತ್ತು ವರ್ಷ ದುಡಿದು, ತುರುವೇಕೆರೆಯ ಕಡೆ 20 ಗುಂಟೆ ಕೊಂಡ ಒಂದು ಜೋಡಿ ಎರಡು ವರ್ಷದ ಹಿಂದೆ ಜೂನ್ ಮೊದಲ ವಾರ ಬಂದಿತ್ತು. ಆ ಹುಡುಗಿ ಕೇಳಿದ ಪ್ರಶ್ನೆ ಎಲ್ಲರೂ ಕೇಳುವಂಥದೇ: "ಮೇಡಂ, ಮೊದಲು ಹಸು ತರೋದಾ, ಕೋಳಿ ತರೋದಾ?"

"ಎರಡೂ ಬೇಡಮ್ಮ. ಮೊದಲು ಒಂದು ಬೀಜ ಹಾಕಿ, ಅದರಿಂದ ಮತ್ತೆ ಬೀಜ ತೆಗಿ. ಆಮೇಲೆ ಹಸು."

ಅವಳ ಮುಖ ಸಪ್ಪಗಾಯಿತು. ಅಷ್ಟು ದೂರ ಬಂದದ್ದು ಇಷ್ಟು ಚಿಕ್ಕ ಮಾತಿಗಾ ಅನ್ನಿಸಿರಬೇಕು. ಆದರೆ ನಾನು ಯೋಚಿಸಿಯೇ ಹೇಳಿದ್ದು. ಹಸು ತಂದ ದಿನದಿಂದ ಬೆಳಿಗ್ಗೆ ಸಂಜೆ ನಮ್ಮನ್ನು ಕೊಟ್ಟಿಗೆಗೆ ಕಟ್ಟಿಹಾಕುತ್ತದೆ. ಮೇವು ಬೆಳೆಯುವ ಮುಂಚೆ ಹಸು ತಂದವರು ಹಾಲು ಕೊಳ್ಳುವ ಬದಲು ಹಿಂಡಿ, ಹುಲ್ಲು ಕೊಳ್ಳುತ್ತಾರೆ. ಮಳೆನೀರಿನ ತೊಟ್ಟಿ ಖಂಡಿತ ಬೇಕು. ಸಾವಿರ ಚದರಡಿ ಸೂರಿನ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 900 ಲೀಟರಿಗೂ ಹೆಚ್ಚು ನೀರು. ಗೊಬ್ಬರದ ಗುಂಡಿಯೂ ಬೇಕು. ಅವೆರಡನ್ನೂ ಒಂದು ಬೇಸಿಗೆಯಲ್ಲಿ ಕಟ್ಟಿ ಮುಗಿಸಬಹುದು. ಬೀಜ ಹಾಗಲ್ಲ. ಅದಕ್ಕೆ ಒಂದು ವರ್ಷ ಪೂರ್ತಿ ಬೇಕು, ಆ ವರ್ಷದಲ್ಲಿ ಮಳೆ, ಮಣ್ಣು, ಹುಳ, ಬಿಸಿಲು ಎಲ್ಲದರ ಪರಿಚಯ ತಾನಾಗಿ ಆಗುತ್ತದೆ.

ಸ್ವಾವಲಂಬನೆ ಅಂದರೆ ಏನನ್ನೂ ಕೊಳ್ಳದೆ ಇರುವುದು ಅಂತ ಹೊಸಬರು ತಿಳಿದಿರುತ್ತಾರೆ. ನಮ್ಮ ಹಳ್ಳಿಗಳು ಯಾವತ್ತೂ ಹಾಗೆ ಬದುಕಿರಲಿಲ್ಲ. ಉಪ್ಪು, ಬಟ್ಟೆ, ಕಬ್ಬಿಣ ಎಲ್ಲ ಸಂತೆಯಿಂದಲೇ ಬರುತ್ತಿದ್ದವು. ಮಡಕೆ ಕುಂಬಾರರದು, ಕುಳ ಕಮ್ಮಾರರದು. ಆದರೆ ಹಿತ್ತಲ ಬೀಜಕ್ಕೆ ಯಾರೂ ಸಂತೆಗೆ ಹೋಗುತ್ತಿರಲಿಲ್ಲ. ಮನೆಯಲ್ಲಿ ಇರುತ್ತಿತ್ತು, ಇಲ್ಲದಿದ್ದರೆ ಪಕ್ಕದ ಮನೆಯಲ್ಲಿ. ಕೊಂಡು ತರುವುದನ್ನೆಲ್ಲ ಒಂದೊಂದಾಗಿ ಬಿಡುತ್ತ ಹೋಗುವ ಆಸೆ ಇದ್ದವರು ಮೊದಲು ಬಿಡಬೇಕಾದದ್ದು ಬೀಜದ ಪೊಟ್ಟಣ ಅಂತ ನಾನು ನಂಬಿದ್ದೇನೆ.

ಹೊಸಬರಿಗೆ ಅವರೆಗಿಂತ ಒಳ್ಳೆಯ ಗುರು ಇಲ್ಲ. ಅದರ ಹೂವು ಬಹುಮಟ್ಟಿಗೆ ತನ್ನೊಳಗೇ ಪರಾಗ ಮುಗಿಸಿಕೊಳ್ಳುತ್ತದೆ, ಹಾಗಾಗಿ ತಾಯಿಯಂತೆಯೇ ಮಗು. ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿದಿಡುತ್ತದೆ. ಬಡ ಮಣ್ಣೂ ಸಾಕು. ಹಸಿ ಕಾಳು ಉಪ್ಪಿಟ್ಟಿಗೆ, ನೆನೆಸಿ ಹಿದುಕಿದ ಬೇಳೆ ಸಾರಿಗೆ, ಒಣಗಿದ್ದು ಮಳೆಗಾಲಕ್ಕೆ. ಬಳ್ಳಿ ಕಿತ್ತು ಹಾಕಿದರೆ ದನ ಬಿಡುವುದಿಲ್ಲ. ನಮ್ಮ ಸೀಮೆಯ ರಾಗಿ ಹೊಲದಲ್ಲಿ ಅವರೆ, ತೊಗರಿ, ಜೋಳ, ಹುಚ್ಚೆಳ್ಳು ಸೇರಿಸಿ ಅಕ್ಕಡಿ ಸಾಲು ಬಿಡುತ್ತಿದ್ದರು. ರಾಗಿ ಕೊಯ್ಲಾಗುವವರೆಗೆ ಅವರೆ ಒತ್ತಾಗಿ ನಿಂತಿದ್ದು, ಆಮೇಲೆ ಹೊಲವೆಲ್ಲ ತನ್ನದೇ ಎನ್ನುವ ಹಾಗೆ ಹರಡುತ್ತಿತ್ತು. ಒಂದು ಬೆಳೆ ಕೈಕೊಟ್ಟರೂ ಮನೆಯ ಒಲೆ ಆರುತ್ತಿರಲಿಲ್ಲ.

ಒಂದು ಮಾತು ಮುಂಚೆಯೇ ತಿಳಿದಿರಲಿ. ಅವರೆಯಲ್ಲಿ ಎರಡು ಜಾತಿ. ನಾಟಿ ಅವರೆ ಹಗಲು ಗಿಡ್ಡವಾಗುವುದನ್ನು ಕಾಯುತ್ತದೆ. ಜೂನ್‌ನಲ್ಲಿ ಹಾಕಿ, ಆಗಸ್ಟ್‌ನಲ್ಲಿ ಹಾಕಿ, ಹೂ ಬಿಡುವುದು ಚಳಿ ಶುರುವಾಗುವ ಹೊತ್ತಿಗೇ. ಸೆಪ್ಟೆಂಬರ್‌ನಲ್ಲಿ ಬರೀ ಸೊಪ್ಪು ನೋಡಿ ಗಾಬರಿಯಾಗಿ ಕಿತ್ತುಹಾಕಿದವರನ್ನು ನಾನು ಕಂಡಿದ್ದೇನೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳು, ಎಚ್‌ಎ-3, ಎಚ್‌ಎ-4 ಇಂಥವು, ಹಗಲಿನ ಲೆಕ್ಕ ನೋಡುವುದಿಲ್ಲ. ಯಾವ ತಿಂಗಳು ಬಿತ್ತಿದರೂ ಕಾಯಿ ಕೊಡುತ್ತವೆ. ವರ್ಷವಿಡೀ ಅವರೆಕಾಯಿ ಸಿಗುವುದು ಇವುಗಳಿಂದ. ಎರಡೂ ಬೀಜಕ್ಕೆ ಇಡಲು ಬರುವಂಥವೇ. ಆದರೆ ನನ್ನ ಬೇಲಿಗೆ ನಾಟಿಯೇ ಬೇಕು, ಸೊಗಡಿಗಾಗಿ. ಜನವರಿಯ ಬೆಳಗ್ಗೆ ಮಂಜು ಬಿದ್ದ ಕಾಯಿ ಬಿಡಿಸಿ ನೋಡಿ: ಸಿಪ್ಪೆಯ ಮೇಲಿನ ಎಣ್ಣೆಯಂಥ ಅಂಟು ಬೆರಳಿಗೆ ಹತ್ತುತ್ತದೆ, ಸೋಪು ಹಾಕಿ ತೊಳೆದರೂ ಮಧ್ಯಾಹ್ನದವರೆಗೆ ಘಮ ಹೋಗುವುದಿಲ್ಲ. ಆ ಘಮ ಇಲ್ಲದ ಅವರೆಯನ್ನು ತಿನ್ನಬಹುದು. ಅದಕ್ಕಾಗಿ ಒಂದು ವರ್ಷ ಕಾಯಲು ನನಗೆ ಮನಸ್ಸು ಬರುವುದಿಲ್ಲ.

ಈಗ ದಾರದ ವಿಷಯ. ಕಾಯಿ ನೋಡಿ ಬೀಜ ಇಡಬೇಡಿ, ಬಳ್ಳಿ ನೋಡಿ ಇಡಿ. ಒಂದೇ ಒಂದು ದಪ್ಪ ಕಾಯಿ ಬಿಟ್ಟ ಸೊರಗಿದ ಬಳ್ಳಿಯಿಂದ ಬೀಜ ತೆಗೆದರೆ ಬರುವ ವರ್ಷ ಸೊರಗಿದ ಬಳ್ಳಿಯೇ ಬರುತ್ತದೆ. ಹೇನು ಮುತ್ತಿದಾಗ ಯಾವುದು ತಡೆದುಕೊಂಡಿತು, ಯಾವುದರ ಕಾಯಿಯಲ್ಲಿ ಘಮ ಜಾಸ್ತಿ, ಯಾವುದು ಬುಡದಿಂದಲೇ ಕವಲೊಡೆಯಿತು ಎಂದು ಡಿಸೆಂಬರ್ ತುಂಬ ನೋಡಿ, ಆಮೇಲೆ ದಾರ ಕಟ್ಟಬೇಕು. ಒಂದೇ ಬಳ್ಳಿ ಸಾಲದು; ಐದಾರು ಬಳ್ಳಿಯ ಬೀಜ ಬೆರೆಸಿಟ್ಟರೆ ತಳಿಯ ಕಸುವು ಉಳಿಯುತ್ತದೆ. ಅನೇಕ ಮನೆಗಳಲ್ಲಿ ಇದರ ತಿರುಗುಮುರುಗು ನಡೆಯುತ್ತದೆ. ಒಳ್ಳೆಯದನ್ನೆಲ್ಲ ಕೊಯ್ದು ತಿಂದು, ಕೊನೆಗೆ ಕಣ್ತಪ್ಪಿ ಉಳಿದು ಬಲಿತದ್ದನ್ನು ಬೀಜಕ್ಕೆ ಇಡುತ್ತಾರೆ. ನಾಲ್ಕು ವರ್ಷ ಹೀಗೆ ಮಾಡಿದರೆ ತಡವಾಗಿ ಕಾಯಿ ಬಿಡುವ ಗುಣವನ್ನು ನಾವೇ ಆರಿಸಿ ಬೆಳೆಸಿದ ಹಾಗಾಯಿತು.

ಕಾಯಿ ಬಳ್ಳಿಯಲ್ಲೇ ಒಣಗಿ ಹುಲ್ಲಿನ ಬಣ್ಣಕ್ಕೆ ತಿರುಗಬೇಕು, ಅಲ್ಲಾಡಿಸಿದರೆ ಒಳಗೆ ಕಾಳು ಗಲಗಲ ಎನ್ನಬೇಕು. ಬಿಡಿಸಿ ಮೊರದಲ್ಲಿ ಹರಡಿ ನಾಲ್ಕೈದು ದಿನ ಎಳೆ ಬಿಸಿಲು. ಒಣಗಿತೋ ಇಲ್ಲವೋ ತಿಳಿಯಲು ಒಂದು ಕಾಳನ್ನು ಹಲ್ಲಲ್ಲಿ ಕಚ್ಚಿ: ಟಕ್ಕನೆ ಒಡೆದರೆ ಆಯಿತು, ಹಲ್ಲಿನ ಗುರುತು ಕೂತರೆ ಇನ್ನೂ ನೀರಿದೆ.

ಇಷ್ಟೆಲ್ಲ ಗೊತ್ತಿದ್ದೂ ಹೋದ ವರ್ಷ ನಾನು ಎಡವಿದೆ. ಫೆಬ್ರವರಿಯಲ್ಲಿ ಮನೆಯಲ್ಲಿ ಮದುವೆಯ ಗಡಿಬಿಡಿ. ಎರಡೇ ದಿನ ಒಣಗಿಸಿ, ಕಚ್ಚಿ ನೋಡದೆ, ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ಮುಚ್ಚಿಬಿಟ್ಟೆ. ರೋಹಿಣಿ ಮಳೆ ಬಂತು ಅಂತ ಡಬ್ಬಿ ತೆಗೆದರೆ ಮುಚ್ಚಳದ ಒಳಗೆಲ್ಲ ಸಣ್ಣ ಕಂದು ಹುಳ ಹರಿದಾಡುತ್ತಿವೆ. ಕಾಳು ಒಂದೊಂದಕ್ಕೂ ಮೂರು ನಾಲ್ಕು ತೂತು, ತಳದಲ್ಲಿ ಹಿಟ್ಟು. ಹನ್ನೊಂದು ವರ್ಷ ಕೈಯಿಂದ ಕೈಗೆ ಬಂದ ಬೀಜ. ಡಬ್ಬಿಯನ್ನು ಅಂಗಳದಲ್ಲಿ ಸುರಿದು ಬಹಳ ಹೊತ್ತು ಅಲ್ಲೇ ಕೂತಿದ್ದೆ.

ಡಬ್ಬಿಯ ಮುಚ್ಚಳ ಸಡಿಲ ಇತ್ತೇನೋ ಎಂದು ಎಲ್ಲರೂ ಹೇಳಿದರು. ವಿಷಯ ಅದಲ್ಲ. ಈ ಹುಳ ಹೊರಗಿಂದ ಬರಬೇಕಾಗಿಲ್ಲ. ಕಾಯಿ ಇನ್ನೂ ಬಳ್ಳಿಯಲ್ಲಿರುವಾಗಲೇ ಅದರ ಮೇಲೆ ಮೊಟ್ಟೆ ಇಡುತ್ತದೆ. ಮರಿ ಕೊರೆದುಕೊಂಡು ಕಾಳಿನೊಳಗೆ ಸೇರುತ್ತದೆ. ಹೊರಗೆ ನೋಡಿದರೆ ಕಾಳು ಗುಂಡುಗುಂಡಾಗಿರುತ್ತದೆ. ಹಿಂದಿನವರು ಇದನ್ನು ಅರಿತೇ ಕಾಳಿಗೆ ಕೆಮ್ಮಣ್ಣು ಕಟ್ಟುತ್ತಿದ್ದರು: ಕೆಮ್ಮಣ್ಣನ್ನು ನೀರಿನಲ್ಲಿ ಕಲಸಿ, ಕಾಳಿಗೆ ಸವರಿ, ಖಡಕ್ಕಾಗಿ ಒಣಗಿಸಿ ಗುಡಾಣಕ್ಕೆ ಹಾಕುವುದು. ಒಲೆಯ ಬೂದಿ ಬೆರೆಸುವುದೂ ಇದೇ ಕೆಲಸಕ್ಕೆ. ಬೂದಿ ತೇವ ಹೀರುತ್ತದೆ, ಕಾಳಿನ ಸಂದು ತುಂಬಿ ಹುಳಕ್ಕೆ ಓಡಾಡಲು ಎಡೆ ಕೊಡುವುದಿಲ್ಲ. ಗ್ಯಾಸ್ ಒಲೆಯ ಮನೆಯಲ್ಲಿ ಬೂದಿ ಎಲ್ಲಿಂದ ತರುವುದು? ಫ್ರಿಜ್ ಇದೆಯಲ್ಲ. ಪೂರ್ತಿ ಒಣಗಿದ ಕಾಳನ್ನು ಗಾಜಿನ ಬಾಟಲಿಗೆ ತುಂಬಿ, ಬಿಗಿಯಾಗಿ ಮುಚ್ಚಿ, ಮೇಲಿನ ಐಸ್ ಖಾನೆಯಲ್ಲಿ ಒಂದು ವಾರ ಇಡಿ. ಒಳಗಿನ ಮೊಟ್ಟೆ, ಮರಿ ಎಲ್ಲ ಸಾಯುತ್ತವೆ, ಬೀಜಕ್ಕೆ ಏನೂ ಆಗುವುದಿಲ್ಲ. ನೀರಿನಂಶ ಉಳಿದಿದ್ದರೆ ಮಾತ್ರ ಬೀಜವೂ ಸಾಯುತ್ತದೆ. ಹೊರತೆಗೆದ ಕೂಡಲೇ ಮುಚ್ಚಳ ಬಿಚ್ಚಬೇಡಿ. ಒಂದು ದಿನ ಹಾಗೇ ಬಿಟ್ಟು ತಂಪು ಹೋದ ಮೇಲೆ ತೆಗೆಯಿರಿ, ಇಲ್ಲದಿದ್ದರೆ ಕಾಳಿನ ಮೇಲೆ ನೀರು ಕೂರುತ್ತದೆ.

ಅವರೆ ಕೈಗೆ ಹತ್ತಿದ ಮೇಲೆ ಬದನೆಗೆ ಹೋಗಿ. ಹಣ್ಣಾಗಿ ಹಳದಿಗೆ ತಿರುಗಿದ್ದನ್ನು ನೀರಲ್ಲಿ ಕಿವುಚಿದರೆ ಗಟ್ಟಿ ಬೀಜ ತಳಕ್ಕೆ ಕೂರುತ್ತದೆ. ಉಡುಪಿಯ ಹತ್ತಿರದ ಮಟ್ಟು ಗ್ರಾಮದ ಗುಳ್ಳ ಎಂಬ ಬದನೆಗೆ 2011ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿತು. ಅಲ್ಲಿನ ಮನೆಗಳವರು ತಲೆಮಾರುಗಳಿಂದ ಬೀಜ ಉಳಿಸದೆ ಹೋಗಿದ್ದರೆ ಸೂಚ್ಯಂಕ ಕೊಡಲು ಗುಳ್ಳವೇ ಇರುತ್ತಿರಲಿಲ್ಲ.

ಬಳ್ಳಿ ತರಕಾರಿಗೆ ಕೊಂಚ ಜಾಣ್ಮೆ ಬೇಕು. ಸೋರೆಯಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಹೆಣ್ಣಿನ ಕೆಳಗೆ ಹೆಬ್ಬೆರಳಷ್ಟು ಪುಟ್ಟ ಕಾಯಿ ಇರುತ್ತದೆ. ಪಕ್ಕದ ಮನೆಯ ಸೋರೆಯ ಪರಾಗ ಇದಕ್ಕೆ ತಗಲಿದರೆ ಈ ವರ್ಷದ ಕಾಯಿಗೆ ಏನೂ ಆಗದು, ಅದರ ಬೀಜ ಬೆರಕೆ. ಸಂಜೆ ಅರಳಲಿರುವ ಮೊಗ್ಗುಗಳನ್ನು ಮಧ್ಯಾಹ್ನವೇ ಗುರುತಿಸಿ, ಗಂಡು ಹೆಣ್ಣು ಎರಡರ ತುದಿಗೂ ದಾರ ಸುತ್ತಿ ಬಿಡಿ. ಕತ್ತಲಾಗುವ ಹೊತ್ತಿಗೆ ಗಂಡು ಹೂ ಕಿತ್ತು, ಎಸಳು ಸುಲಿದು, ನಡುವಿನ ಪರಾಗದ ಗೂಟವನ್ನು ಹೆಣ್ಣು ಹೂವಿನ ಒಳಗೆ ಮೆಲ್ಲಗೆ ಸವರಿ, ಮತ್ತೆ ಕಟ್ಟಿಬಿಡಿ. ಬಿಳಿ ಹೂವಿಗೆ ಪತಂಗ ಬರುವ ಮುಂಚೆ ಈ ಕೆಲಸ ಮುಗಿಯಬೇಕು. ಕುಂಬಳ ಹಾಗಲ್ಲ, ಅದು ಬೆಳಗಿನ ಜಾವ ಅರಳುತ್ತದೆ. ಸೋರೆಗೂ ಕುಂಬಳಕ್ಕೂ ಬೆರಕೆಯಾಗುವುದಿಲ್ಲ. ಹಾಗಲದ ಪಕ್ಕ ಹಬ್ಬಿದ್ದಕ್ಕೆ ಸೋರೆ ಕಹಿಯಾಯಿತು ಎಂಬುದೂ ನಿಜವಲ್ಲ. ಪರಾಗದಿಂದ ಕಹಿ ಬಂದರೆ ಅದು ಕಹಿ ಸೋರೆಯಿಂದಲೇ. ಬೀಜಕ್ಕೆ ಬಿಟ್ಟ ಕಾಯಿಯನ್ನು ರುಚಿ ನೋಡಲಾಗದು, ಆದ್ದರಿಂದ ಅದೇ ಬಳ್ಳಿಯ ಇನ್ನೊಂದು ಎಳೆಕಾಯಿಯ ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿ ಕಂಡರೆ ಉಗುಳಿ, ಆ ಬಳ್ಳಿಯನ್ನೇ ಕಿತ್ತುಬಿಡಿ. ಕಹಿ ಸೋರೆಯ ರಸ ಕುಡಿದು ಆಸ್ಪತ್ರೆ ಸೇರಿದವರಿದ್ದಾರೆ.

ಪೊಟ್ಟಣದ ಮೇಲೆ ಎಫ್1 ಅಥವಾ ಹೈಬ್ರಿಡ್ ಎಂದಿದ್ದರೆ ಬೆಳೆದು ತಿನ್ನಿ, ಬೀಜ ಇಡಬೇಡಿ. ಎರಡು ತಳಿ ಕೂಡಿಸಿದ ಮೊದಲ ಪೀಳಿಗೆ ಅದು; ಅದರ ಮಕ್ಕಳು ಒಂದೊಂದು ಒಂದೊಂದು ಥರ ಆಗುತ್ತವೆ. ಬೀಜ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧವೇ ಎಂದು ಹೆದರಿ ಕೇಳಿದವರಿದ್ದಾರೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ ಪ್ರಕಾರ ರೈತರು ತಾವು ಬೆಳೆದ ಬೀಜವನ್ನು ಉಳಿಸಿಕೊಳ್ಳಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ಸಂರಕ್ಷಿತ ತಳಿಯನ್ನು ಬ್ರ್ಯಾಂಡ್ ಹೆಸರು ಹಾಕಿ ಮಾರುವಂತಿಲ್ಲ, ಅಷ್ಟೇ. ಒಳ್ಳೆಯ ಬೀಜ ಎಲ್ಲಿ ಸಿಗುತ್ತದೆ ಎನ್ನುವವರು ಶಿರಸಿಯ ವನಸ್ತ್ರೀ ಬಳಗದ ಹೆಂಗಸರ ಕೆಲಸ ನೋಡಬೇಕು. ಮಲೆನಾಡಿನ ಹಿತ್ತಲುಗಳ ಬೀಜವನ್ನು 2001ರಿಂದ ಜೋಪಾನ ಮಾಡುತ್ತ ಬಂದವರು ಅವರು. ಬೆಂಗಳೂರಿನ ಸಹಜ ಸಮೃದ್ಧ ನಡೆಸುವ ಬೀಜ ಮೇಳಗಳಿಗೂ ಹೋಗಬಹುದು. ಹೋಗುವಾಗ ನಿಮ್ಮದೂ ಒಂದು ಹಿಡಿ ಬೀಜ ಜೊತೆಗಿರಲಿ.

ಅಂಗಳದಲ್ಲಿ ಹಿಟ್ಟಾದ ಬೀಜ ಸುರಿದುಕೊಂಡು ಕೂತ ದಿನ ನನಗೆ ತುರುವೇಕೆರೆಯ ಹುಡುಗಿ ನೆನಪಾದಳು. ಅವರು ಬಂದಿದ್ದ ದಿನ ಹಸುವಿನ ಮಾತು ಮುಗಿದ ಮೇಲೆ ಕಾಗದದಲ್ಲಿ 12 ಕಾಳು ಕಟ್ಟಿ ಕೊಟ್ಟಿದ್ದೆ. ಫೋನ್ ಮಾಡಿದೆ. "ಇದೆ ಮೇಡಂ. ಹಲ್ಲಲ್ಲಿ ಕಚ್ಚಿ ನೋಡೇ ಇಟ್ಟಿದೀನಿ" ಅಂದಳು. ಮರುದಿನ ಬಸ್ಸಿಗೆ ಹೋದೆ. ಅಟ್ಟದಿಂದ ಇಳಿಸಿದ ಬಾಟಲಿಯಲ್ಲಿ ಅರ್ಧದವರೆಗೆ ಕಾಳು, ಜೊತೆಗೊಂದು ಚೀಟಿ. ಅವಳದೇ ಅಕ್ಷರ: "ನಾಟಿ ಅವರೆ. ಆರ್ದ್ರಾ ಮಳೆಗೆ ಹಾಕಿದ್ದು. ಆರು ಬಳ್ಳಿಯಿಂದ. ಸೊಗಡು ಚೆನ್ನಾಗಿದೆ." 30 ಕಾಳು ಎಣಿಸಿ ಕೊಟ್ಟಳು. ಒದ್ದೆ ಬಟ್ಟೆಯಲ್ಲಿ 10 ಸುತ್ತಿಟ್ಟೆ, ಐದನೆಯ ದಿನ ಒಂಬತ್ತು ಮೊಳಕೆ ಒಡೆದಿದ್ದವು. ಮಿಕ್ಕ 20 ನೇರ ಬೇಲಿಯ ಬುಡಕ್ಕೆ. ನವಿಲು, ಅಳಿಲು ಕೆದಕಿ ತಿಂದದ್ದು ಹೋಗಿ ಉಳಿದದ್ದು 14.

ತಂದ ಬೀಜಕ್ಕೆ ಎರಡರಷ್ಟು ಹಿಂದಿರುಗಿಸುವುದು ವಾಡಿಕೆ. ಕೆಂಪು ದಾರದ ಬಳ್ಳಿಗಳಿಂದ ಮೊದಲು ಒಣಗುವ 60 ಕಾಳು ಅವಳದು. ನಿನ್ನೆ ಸಂಜೆ ಎರಡು ಕಾಯಿ ಬಣ್ಣ ತಿರುಗಿದ್ದವು.