ದೂರವಾಣಿಯ ದಾಖಲೆಯೂ ಸಮಾಜದ ಸಂಬಂಧಗಳೂ: ಒಂದು ವಿಮರ್ಶೆ

ಯಾರು ಯಾರಿಗೆ ಕರೆ ಮಾಡಿದರು, ಎಷ್ಟು ಹೊತ್ತು ಮಾತನಾಡಿದರು, ಆಗ ಯಾವ ಗೋಪುರದ ಆಸುಪಾಸಿನಲ್ಲಿದ್ದರು ಎಂಬುದೆಲ್ಲ ಮೊಬೈಲು ಕಂಪನಿಗಳ ದಾಖಲೆಯಲ್ಲಿ ನಿಲ್ಲುತ್ತದೆ. ಈ ದಾಖಲೆಯಿಂದ ಜನರ ಸ್ನೇಹ, ಸಂಚಾರ, ಸ್ಥಿತಿಗತಿಗಳನ್ನು ತಿಳಿಯಬಹುದೆಂಬ ವಾದ ಈಗ ಪ್ರಬಲವಾಗಿದೆ. ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ 94 ಮಂದಿಯ ಫೋನುಗಳಿಂದ ಸಂಗ್ರಹಿಸಿದ ಸಾಮಗ್ರಿಯನ್ನು ಆಧರಿಸಿ, ಅವರಲ್ಲಿ ಯಾರಿಗೆ ಯಾರು ಸ್ನೇಹಿತರೆಂಬುದನ್ನು ಊಹಿಸಬಹುದೆಂದು 2009ರಲ್ಲಿ ಪ್ರತಿಪಾದಿಸಲಾಯಿತು. ರುವಾಂಡ ದೇಶದಲ್ಲಿ ಕರೆಗಳ ದಾಖಲೆಯಿಂದ ಬಡತನ ಸಿರಿತನಗಳನ್ನು ಅಂದಾಜು ಮಾಡಿದ ಲೇಖನ 2015ರಲ್ಲಿ ಹೊರಬಂದಿತು. ಚರಿತ್ರೆಯ ಅಭ್ಯಾಸಿಗಳಾದ ನಾವು ಈ ಹೊಸ ಸಾಮಗ್ರಿಯನ್ನು ಎಷ್ಟರಮಟ್ಟಿಗೆ ಆಧಾರವೆಂದು ಒಪ್ಪಬಹುದು? ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಜನಜೀವನವನ್ನು ಕಣ್ಣಮುಂದಿರಿಸಿಕೊಂಡು, ನಮ್ಮ ನಾಡಿನಲ್ಲಿಯೇ ನಡೆದ ಒಂದು ಸಂಶೋಧನೆಯನ್ನು ಪರೀಕ್ಷಿಸುವುದು ಇಲ್ಲಿನ ಉದ್ದೇಶ.

ಅಭಿಜಿತ್ ಬ್ಯಾನರ್ಜಿ, ಅರುಣ್ ಚಂದ್ರಶೇಖರ್, ಎಸ್ತರ್ ಡುಫ್ಲೊ, ಮ್ಯಾಥ್ಯೂ ಜಾಕ್ಸನ್ ಎಂಬ ನಾಲ್ವರು ಅರ್ಥಶಾಸ್ತ್ರಜ್ಞರು ಕರ್ನಾಟಕದ 213 ಗ್ರಾಮಗಳಲ್ಲಿ ಒಂದು ಪ್ರಯೋಗವನ್ನು ನಡೆಸಿ, 2019ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದರು. ಪ್ರತಿ ಗ್ರಾಮದಲ್ಲಿ ಕೆಲವೇ ಮಂದಿಗೆ ಒಂದು ಸುದ್ದಿಯನ್ನು ಮುಟ್ಟಿಸಲಾಯಿತು: ಗೊತ್ತಾದ ಸಂಖ್ಯೆಗೆ ಮಿಸ್ ಕಾಲ್ ಕೊಟ್ಟವರಿಗೆ ಫೋನೋ ಹಣವೋ ಬಹುಮಾನವಾಗಿ ಸಿಗಬಹುದು. ಕೆಲವು ಗ್ರಾಮಗಳಲ್ಲಿ ಸುದ್ದಿಯನ್ನು ಕೇಳಿಸಿಕೊಂಡವರು ಗೊತ್ತುಗುರಿಯಿಲ್ಲದೆ ಆಯ್ದವರು. ಕೆಲವೆಡೆ ಊರಿನ ಮಾನ್ಯರು. ಇನ್ನು ಕೆಲವೆಡೆ, ಸುದ್ದಿ ಹಬ್ಬಿಸಲು ತಕ್ಕವರೆಂದು ಗ್ರಾಮಸ್ಥರೇ ಹೆಸರಿಸಿದವರು. ಬಂದ ಕರೆಗಳ ಎಣಿಕೆಯೇ ಸುದ್ದಿ ಹಬ್ಬಿದ್ದಕ್ಕೆ ಅಳತೆ. ಗ್ರಾಮಸ್ಥರು ಹೆಸರಿಸಿದವರ ಮೂಲಕ ಸುದ್ದಿ ಹೆಚ್ಚು ಹಬ್ಬಿತು. ಮಾನ್ಯರ ಮೂಲಕ ಅಷ್ಟಾಗಿ ಹಬ್ಬಲಿಲ್ಲ. ಹರಿಯಾಣದ ಐನೂರಕ್ಕೂ ಹೆಚ್ಚು ಗ್ರಾಮಗಳಲ್ಲಿ ಇದೇ ಉಪಾಯವನ್ನು ಮಕ್ಕಳ ಲಸಿಕೆಗೆ ಅನ್ವಯಿಸಿದಾಗ, ತಿಂಗಳಿಗೆ ಲಸಿಕೆ ಪಡೆದ ಮಕ್ಕಳ ಸಂಖ್ಯೆ ಶೇಕಡ 22ರಷ್ಟು ಹೆಚ್ಚಾಯಿತು.

ಈ ಕೃತಿಯ ಗುಣವನ್ನು ಮೊದಲು ಹೇಳತಕ್ಕದ್ದು ನ್ಯಾಯ. ಊರಿನಲ್ಲಿ ಮಾತು ಯಾರ ಬಾಯಿಂದ ಹರಡುತ್ತದೆಂಬುದು ಊರಿನವರಿಗೇ ಚೆನ್ನಾಗಿ ಗೊತ್ತು ಎಂಬ ಸಂಗತಿಯನ್ನು ಇವರು ಸಂಶೋಧನೆಯ ತಳಹದಿಯಾಗಿಸಿಕೊಂಡರು. ಯಂತ್ರದ ದಾಖಲೆಯನ್ನು ಮುಂದಿಟ್ಟು ಜನರ ಮಾತನ್ನು ಹಿಂದಿಡಲಿಲ್ಲ. ಜನರನ್ನು ಕೇಳಿದರು, ಆಮೇಲೆ ದೂರವಾಣಿಯಿಂದ ಅಳೆದರು. ಅಧಿಕಾರವುಳ್ಳವನೇ ಸಂಬಂಧಗಳ ನಡುಗಂಬವೆಂಬ ನಂಬಿಕೆ ಇದರಿಂದ ಸಡಿಲವಾಯಿತು. ಪಟೇಲ ಶ್ಯಾನುಭೋಗರ ಕಾಗದಗಳಿಂದಲೇ ಗ್ರಾಮದ ಚರಿತ್ರೆಯನ್ನು ಬರೆಯುವ ನಮಗೂ ಇದು ಎಚ್ಚರಿಕೆಯ ಮಾತು.

ಆದರೆ ಅಳತೆಯಲ್ಲಿ ದೋಷವುಂಟು. ಗೊತ್ತುಗುರಿಯಿಲ್ಲದೆ ಆಯ್ದವರ ಗ್ರಾಮಗಳಿಂದ ಬಂದದ್ದು ಸರಾಸರಿ ಸುಮಾರು 8 ಕರೆಗಳು. ಇಡೀ ಗ್ರಾಮಕ್ಕೆ ಇದು ಅಲ್ಪ. ಕರೆ ಮಾಡಿದವನಿಗೆ ಸುದ್ದಿ ತಲುಪಿತ್ತು, ನಿಜ. ಕರೆ ಮಾಡದವನಿಗೆ ತಲುಪಿರಲಿಲ್ಲವೆಂದು ಹೇಳಲು ಆಧಾರವೆಲ್ಲಿ? ಸುದ್ದಿಯನ್ನು ಕೇಳಿಯೂ ನಂಬದವನು, ಫೋನಿಲ್ಲದವನು, ಮನೆಯ ಫೋನು ಗಂಡನ ಜೇಬಿನಲ್ಲಿರುವ ಹೆಂಗಸು, ಇವರೆಲ್ಲರೂ ಲೆಕ್ಕದಿಂದ ಹೊರಗೆ. ಇದೇ ವಿದ್ವಾಂಸರು ದಕ್ಷಿಣ ಕರ್ನಾಟಕದ ಗ್ರಾಮಗಳಲ್ಲಿ ಕಿರುಸಾಲದ ಸುದ್ದಿ ಹಬ್ಬಿದ ಬಗೆಯನ್ನು ಕುರಿತು 2013ರಲ್ಲಿ ಬರೆದ ಲೇಖನದಲ್ಲಿ, ತಾವು ಸಾಲ ಪಡೆಯದವರೂ ಸುದ್ದಿಯನ್ನು ಮುಂದಕ್ಕೆ ದಾಟಿಸುತ್ತಾರೆಂದೂ, ಸಾಲ ಪಡೆದವರಲ್ಲಿ ಸುಮಾರು ಮೂರನೆಯ ಒಂದು ಪಾಲು ಅದರ ಫಲವೆಂದೂ ತೋರಿಸಿದ್ದರು. ಅಲ್ಲಿ ಅವರು ಮನೆಮನೆಗೆ ಹೋಗಿ, ಯಾರ ಮನೆಗೆ ಹೋಗಿಬರುವಿರಿ, ಅಕ್ಕಿ ಸೀಮೆಎಣ್ಣೆಗಳನ್ನು ಯಾರಿಂದ ಕಡ ತರುವಿರಿ, ದೇವಸ್ಥಾನಕ್ಕೆ ಯಾರೊಡನೆ ಹೋಗುವಿರಿ ಎಂದು ಕೇಳಿದ್ದರು. ಅಕ್ಕಿ ಕಡ ಕೊಡುವ ಪಕ್ಕದ ಮನೆಯವಳಿಗೆ ಯಾರೂ ಫೋನು ಮಾಡುವುದಿಲ್ಲ. ಅತಿ ಸಮೀಪದ ಸಂಬಂಧವೇ ದೂರವಾಣಿಯ ದಾಖಲೆಯಲ್ಲಿ ಕಾಣದೆ ಹೋಗುತ್ತದೆ.

ರಾಮನಗರದ ಒಂದು ಘಟನೆ ಇದನ್ನು ಇನ್ನೂ ಸ್ಪಷ್ಟಗೊಳಿಸುತ್ತದೆ. 2009ರಲ್ಲಿ ಅಲ್ಲಿನ ಮೊಹಲ್ಲಾಗಳ ಮುಸ್ಲಿಂ ಹೆಂಗಸರು, ಹಲವು ಕಿರುಸಾಲ ಕಂಪನಿಗಳಿಂದ ಏಕಕಾಲದಲ್ಲಿ ಸಾಲ ಪಡೆದಿದ್ದವರು, ಸ್ಥಳೀಯ ಮಸೀದಿ ಸಮಿತಿಯ ಮಾತಿನಂತೆ ಕಂತು ಕಟ್ಟುವುದನ್ನು ನಿಲ್ಲಿಸಿದರು. ಕೋಲಾರ, ಶಿಡ್ಲಘಟ್ಟ, ಮೈಸೂರುಗಳಲ್ಲಿಯೂ ಹೀಗೆಯೇ ಆಯಿತು. ಆಗಿನ ಕರೆಗಳ ದಾಖಲೆಯೆಲ್ಲ ನಮ್ಮ ಕೈಗೆ ಬಂದರೂ, ಕಂತು ನಿಂತ ವಾರದಲ್ಲಿ ಮಾತುಕತೆ ಹೆಚ್ಚಿತೆಂದಷ್ಟೆ ಅದು ಹೇಳಬಲ್ಲದು. ರೇಷ್ಮೆಯ ಕಸುಬಿನ ಏರುಪೇರಾಗಲಿ, ಗುಂಪಿನ ಹೊಣೆಯ ಸಾಲದಿಂದ ನೆರೆಯವರ ನಡುವೆ ಹುಟ್ಟಿದ ಇಕ್ಕಟ್ಟಾಗಲಿ, ಸಮಿತಿಯ ಮಾತಿಗಿದ್ದ ತೂಕವಾಗಲಿ ಆ ದಾಖಲೆಯಲ್ಲಿಲ್ಲ. ಸಂಪರ್ಕ ಬೇರೆ, ಸಂಬಂಧ ಬೇರೆ.

ಹಳೆಯ ಆಧಾರಗಳು ನಿರ್ದುಷ್ಟವೆಂದು ನಾವು ಹೇಳುತ್ತಿಲ್ಲ. ಬಿ. ಎಲ್. ರೈಸ್ ಅವರು 1905ರಲ್ಲಿ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟದಲ್ಲಿ ಮಾಗಡಿ, ಚನ್ನಪಟ್ಟಣ, ಕಾನಕಾನಹಳ್ಳಿಗಳ ಶಾಸನಗಳಿವೆ. ಅವು ದಾನ ಕೊಟ್ಟವರನ್ನೂ ಪಡೆದವರನ್ನೂ ಹೇಳುತ್ತವೆ; ಆ ನೆಲವನ್ನು ಉತ್ತವನನ್ನು ಅಪೂರ್ವವಾಗಿ ಹೇಳುತ್ತವೆ. ಪಕ್ಷಪಾತ ಎರಡು ಕಡೆಯೂ ಇದೆ. ಆದರೆ ಶಾಸನವನ್ನು ಯಾರು ಬೇಕಾದರೂ ಮರಳಿ ಓದಿ ನಮ್ಮ ತಪ್ಪನ್ನು ತಿದ್ದಬಹುದು. ಕರೆಗಳ ದಾಖಲೆಯಾದರೋ ಕಂಪನಿಯ ಸ್ವಾಧೀನದಲ್ಲಿದೆ. ಅದನ್ನು ಕನಿಷ್ಠ ಎರಡು ವರ್ಷ ಉಳಿಸಬೇಕೆಂದು 2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ವಿಧಿಸಿತು. ಆಮೇಲೆ ಅದು ಅಳಿಯಬಹುದು. ಮರುಪರೀಕ್ಷೆಗೆ ಒಡ್ಡಲಾಗದ ಆಧಾರದ ಮೇಲೆ ಕಟ್ಟಿದ ತೀರ್ಮಾನವನ್ನು ಒಪ್ಪುವುದು ಕಷ್ಟ.

ಅಳಿಯದೆ ಉಳಿಯಲೆಂದು ಬಯಸೋಣವೆಂದರೆ ಅಲ್ಲಿ ಬೇರೊಂದು ಪ್ರಶ್ನೆ ಏಳುತ್ತದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯ 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಶಾಸನ ಬರೆಯಿಸಿದವನು ಲೋಕ ಓದಲೆಂದೇ ಬರೆಯಿಸಿದನು. ಫೋನಿನಲ್ಲಿ ಮಾತನಾಡಿದವಳು ಹಾಗಲ್ಲ. ಸಂಶೋಧಕನ ಕುತೂಹಲ ಅವಳ ಒಪ್ಪಿಗೆಗಿಂತ ದೊಡ್ಡದಲ್ಲ.

ಆದಕಾರಣ ನಮ್ಮ ಅಭಿಪ್ರಾಯವಿಷ್ಟು: ದೂರವಾಣಿಯ ದಾಖಲೆಯನ್ನು ಪೂರಕ ಸಾಮಗ್ರಿಯಾಗಿ ಬಳಸಬಹುದು, ಮೂಲಾಧಾರವಾಗಿ ಅಲ್ಲ. 213 ಗ್ರಾಮಗಳ ಪ್ರಯೋಗ ಬೆಲೆಯುಳ್ಳದ್ದಾದುದು ಅದು ಕರೆಗಳನ್ನು ಎಣಿಸಿತೆಂಬುದರಿಂದಲ್ಲ, ಎಣಿಸುವುದಕ್ಕೆ ಮೊದಲು ಊರಿನವರನ್ನು ಕೇಳಿತೆಂಬುದರಿಂದ. ಈ ನಾಲ್ಕು ತಾಲ್ಲೂಕುಗಳ ಸಮಾಜಚರಿತ್ರೆಯನ್ನು ಕೈಗೊಳ್ಳುವ ವಿದ್ಯಾರ್ಥಿಗಳು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೂ ಚನ್ನಪಟ್ಟಣದ ಬೊಂಬೆ ಕೆಲಸದವರ ಬೀದಿಗಳಿಗೂ ಮೊದಲು ಹೋಗಲಿ; ಯಾರನ್ನು ಯಾರು ನಂಬುತ್ತಾರೆಂದು ಕೇಳಲಿ. ಅಂಕಿಗಳು ಅನಂತರ ಬರಲಿ.