ನೀತಿಸೂತ್ರವೂ ಗಣಕದ ಕೋಷ್ಟಕವೂ

ಇಂಡಿ ತಾಲ್ಲೂಕಿನ ಸಾಲೋಟಗಿಯ ಕ್ರಿ.ಶ. 945ರ ಸ್ತಂಭಶಾಸನವು ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು. ಅವನ ಮಂತ್ರಿ ನಾರಾಯಣನು ಕಟ್ಟಿಸಿದ ವಿದ್ಯಾಶಾಲೆಗೆ ಸಲ್ಲಬೇಕಾದ ಕಾಣಿಕೆಯನ್ನು ಅದು ವಿಧಿಸುತ್ತದೆ: ಮದುವೆಗೆ ಐದು ನಾಣ್ಯ, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಅದರ ಅರ್ಧ. ಇಂತಹ ವಿಧಿಯನ್ನು ಗಣಕಯಂತ್ರಕ್ಕೆ ನಿಶ್ಚಿಂತೆಯಿಂದ ಒಪ್ಪಿಸಬಹುದು. ಸಂದರ್ಭ ಯಾವುದೆಂದು ತಿಳಿದರೆ ಮೊತ್ತ ತಾನಾಗಿ ಬರುತ್ತದೆ. ಲೆಕ್ಕ ಮಾಡುವವನು ದಯಾಳುವೋ ಕಠೋರನೋ ಎಂಬುದು ಅಲ್ಲಿ ಅಪ್ರಸ್ತುತ.

ಅದೇ ಕೃಷ್ಣನ ಸಾಮಂತರಾದ ವೇಮುಲವಾಡದ ಚಾಲುಕ್ಯರ ಆಶ್ರಯದಲ್ಲಿ (ಪಂಪನಿಗೆ ಆಸರೆಯಿತ್ತ ಮನೆತನವೂ ಇದೇ) ಸೋಮದೇವಸೂರಿಗಳಿದ್ದರು. 959ರಲ್ಲಿ ‘ಯಶಸ್ತಿಲಕ’ವನ್ನು ಮುಗಿಸಿದ ಅವರೇ, 32 ಸಮುದ್ದೇಶಗಳುಳ್ಳ ‘ನೀತಿವಾಕ್ಯಾಮೃತ’ವೆಂಬ ರಾಜನೀತಿ ಗ್ರಂಥದ ಕರ್ತೃಗಳು. ಇಂತಹ ಪ್ರಾಚೀನ ಗ್ರಂಥಗಳನ್ನು ‘ಹೀಗಿದ್ದರೆ ಹೀಗೆ ಮಾಡು’ ಎಂಬ ಕೋಷ್ಟಕಗಳಾಗಿಸಿ, ಯಂತ್ರವೇ ನಿರ್ಣಯ ಕೊಡುವಂತೆ ಮಾಡಬೇಕೆಂಬ ಉತ್ಸಾಹ ಇಂದು ಕೆಲವರಲ್ಲಿ ಕಾಣುತ್ತಿದೆ. ಸಾಲೋಟಗಿಯ ಕಾಣಿಕೆಯ ವಿಧಿಯೂ ಸೋಮದೇವರ ಸೂತ್ರವೂ ಒಂದೇ ಜಾತಿಯವೆಂದು ಇವರು ಭಾವಿಸಿದ್ದಾರೆ. ನಮ್ಮ ಆಕ್ಷೇಪ ಇರುವುದು ಇಲ್ಲಿಯೇ.

ಉತ್ಸಾಹಕ್ಕೆ ಆಧಾರವಿಲ್ಲವೆಂದಲ್ಲ. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಿಂದ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದ ಷಾಡ್ಗುಣ್ಯ ಪ್ರಕರಣ ಕೋಷ್ಟಕದಂತೆಯೇ ಇದೆ. ಶತ್ರುವಿಗಿಂತ ದುರ್ಬಲನಾದರೆ ಸಂಧಿ, ಪ್ರಬಲನಾದರೆ ವಿಗ್ರಹ, ಇಬ್ಬರೂ ಒಬ್ಬರನ್ನೊಬ್ಬರು ಕೆಡಿಸಲಾರದಿದ್ದರೆ ಆಸನ. ಅಧಿಕಾರಿಗಳು ಬೊಕ್ಕಸದ ಹಣ ನುಂಗುವ 40 ಉಪಾಯಗಳನ್ನು ಎಣಿಸಿಟ್ಟ ಗ್ರಂಥಕಾರನಿಗೆ ಯಂತ್ರದಂತಹ ಲಂಚ ತಿನ್ನದ ಕರಣಿಕ ಪ್ರಿಯವಾಗುತ್ತಿತ್ತೆಂದೂ ವಾದಿಸಬಹುದು. ಆದರೆ ಅದೇ ಗ್ರಂಥದ ಕೊನೆಯ ಅಧಿಕರಣವನ್ನು ಕೋಷ್ಟಕ ರಚಿಸುವವರು ಓದಿದಂತಿಲ್ಲ. ಶಾಸ್ತ್ರವನ್ನು ಅರ್ಥೈಸುವ 32 ತಂತ್ರಯುಕ್ತಿಗಳನ್ನು ಕೌಟಿಲ್ಯ ಅಲ್ಲಿ ಹೇಳುತ್ತಾನೆ. ಕಡೆಯದು ‘ಊಹ್ಯ’: ಗ್ರಂಥ ಹೇಳದೆ ಬಿಟ್ಟುದನ್ನು ಬಲ್ಲವರು ವಿವೇಚಿಸಿ ತುಂಬಬೇಕು. ಅದಕ್ಕೆ ಕೊಟ್ಟ ಉದಾಹರಣೆಯೂ ದಾನಕ್ಕೇ ಸಂಬಂಧಿಸಿದ್ದು. ಕೊಟ್ಟ ದಾನದ ವಿಷಯದಲ್ಲಿ ತಕರಾರು ಹುಟ್ಟಿದಾಗ ಕೊಟ್ಟವನಿಗೂ ಪಡೆದವನಿಗೂ ಹಾನಿಯಾಗದಂತೆ ಕುಶಲರು ನಿರ್ಣಯಿಸಬೇಕೆಂದು ಅವನ ಮತ. ತನ್ನ ಸೂತ್ರಗಳು ಎಲ್ಲಿ ನಿಲ್ಲುತ್ತವೆಂಬುದನ್ನು ಗ್ರಂಥವೇ ಹೇಳಿರುವಾಗ, 31 ಯುಕ್ತಿಗಳನ್ನು ಇಟ್ಟುಕೊಂಡು ಒಂದನ್ನು ಕೈಬಿಟ್ಟ ಕೋಷ್ಟಕ ಅರ್ಥಶಾಸ್ತ್ರವಾಗಲಾರದು.

ಸೋಮದೇವಸೂರಿಗಳು ಇನ್ನೂ ಮುಂದೆ ಹೋಗುತ್ತಾರೆ. ದಂಡವು ಅಪರಾಧಕ್ಕೆ ತಕ್ಕಂತಿರಬೇಕು, ಚಿಕಿತ್ಸೆಯಂತೆ ದೋಷವನ್ನು ಶುದ್ಧಿಗೊಳಿಸಬೇಕು ಎಂಬುದು ಅವರ ನಿಲುವು. ವೈದ್ಯನಾದವನು ರೋಗದ ಹೆಸರನ್ನಷ್ಟೇ ಕೇಳಿ ಮದ್ದು ಕೊಡುವುದಿಲ್ಲ, ನಾಡಿ ಹಿಡಿಯುತ್ತಾನೆ. ‘ವಿಚಾರ’ಕ್ಕೆ ಅವರು ಒಂದು ಸಮುದ್ದೇಶವನ್ನೇ ಮೀಸಲಿಟ್ಟಿದ್ದಾರೆ. ತಾನೇ ಕಣ್ಣಾರೆ ಕಂಡುದರಲ್ಲೂ ಬುದ್ಧಿ ಮೋಹಗೊಳ್ಳುವುದುಂಟು, ಸಂಶಯಪಡುವುದುಂಟು. ಇತರರು ಹೇಳಿದುದರಲ್ಲಿ ಹೇಳತಕ್ಕುದೇನು ಎಂದು ಅಲ್ಲಿ ಎಚ್ಚರಿಸುತ್ತಾರೆ. ಯಂತ್ರಕ್ಕೆ ಸಿಗುವುದೆಲ್ಲವೂ ಇತರರು ಹೇಳಿದುದೇ. ಯಾರೋ ಎಂದೋ ಬರೆದಿಟ್ಟ ದಾಖಲೆಯನ್ನು ಅದು ಸಂಶಯಿಸಲಾರದು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ರೈತರಿಗೆ ಯಂತ್ರದ ಉಪಕಾರ ಗೊತ್ತಿಲ್ಲದ್ದಲ್ಲ. ಉತಾರಕ್ಕಾಗಿ ತಲಾಠಿಯನ್ನು ಕಾಯುತ್ತಿದ್ದ ಸ್ಥಿತಿಯನ್ನು ಈ ಶತಮಾನದ ಆರಂಭದಲ್ಲಿ ಬಂದ ‘ಭೂಮಿ’ ಯೋಜನೆ ಬದಲಿಸಿತು. ಅಲ್ಲಿಯೂ ಹಕ್ಕು ಬದಲಾವಣೆಗೆ ತಕರಾರು ಬಂದರೆ ನಿರ್ಣಯಿಸುವುದು ಗಣಕವಲ್ಲ. ಅಧಿಕಾರಿಯೊಬ್ಬರು ಎರಡೂ ಪಕ್ಷದವರನ್ನು ಕೇಳಬೇಕು. ಊಹ್ಯಕ್ಕೆ ಅಲ್ಲಿ ಎಡೆಯುಳಿದಿದೆ. ಅದಿಲ್ಲದೆಡೆ ಏನಾಗುತ್ತದೆಂಬುದಕ್ಕೆ ಸೋಮದೇವರ ವೇಮುಲವಾಡವಿರುವ ತೆಲಂಗಾಣವೇ ಸಾಕ್ಷಿ. ಗಣಕದ ನಿರ್ಣಯವನ್ನು ನೆಚ್ಚಿ ಅಲ್ಲಿ ಸುಮಾರು 19 ಲಕ್ಷ ಪಡಿತರ ಚೀಟಿಗಳು ರದ್ದಾದವು. 2022ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಥಳಕ್ಕೆ ಹೋಗಿ ಮರುಪರಿಶೀಲಿಸುವಂತೆ ಆದೇಶಿಸಬೇಕಾಯಿತು. ಅನ್ನ ಕಿತ್ತುಕೊಂಡವರು ಯಾರೆಂದು ಕೇಳಿದರೆ ಬೆರಳು ತೋರಿಸಲು ಒಬ್ಬ ಮನುಷ್ಯನೂ ಇಲ್ಲದಿರುವುದು ಈ ಪದ್ಧತಿಯ ಅತಿ ದೊಡ್ಡ ದೋಷವೆಂದು ನಮ್ಮ ಅಭಿಪ್ರಾಯ. ದಂಡವನ್ನು ಅನ್ಯಾಯವಾಗಿ ಬಳಸಿದ ರಾಜನನ್ನು ನೀತಿಶಾಸ್ತ್ರ ದೂಷಿಸಬಲ್ಲದು, ಕೋಷ್ಟಕವನ್ನು ದೂಷಿಸುವುದೆಂತು?

ವಿದ್ಯಾರ್ಥಿವೇತನ, ವೈದ್ಯಕೀಯ ನೆರವುಗಳ ಅರ್ಜಿಗಳನ್ನು ಗಣಕದಿಂದ ಸೋಸಲು ಯೋಚಿಸುವ ಬಸದಿಗಳ ಟ್ರಸ್ಟುಗಳಿಗೂ ಈ ಮಾತು ಅನ್ವಯಿಸುತ್ತದೆ. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಬಂತು. ಅಲ್ಲಿಯ ಒಂದು ಮನೆಯ ಉತಾರದಲ್ಲಿ ನಾಲ್ಕು ಎಕರೆ ಲಿಂಬೆ ತೋಟವೆಂದಿದೆ ಎಂದುಕೊಳ್ಳೋಣ. ಟ್ಯಾಂಕರಿನ ನೀರೂ ಸಾಲದೆ ಗಿಡಗಳು ಒಣಗಿ ಎರಡು ವರ್ಷವಾಗಿದೆ. ಆ ಮನೆಯ ಹುಡುಗಿಯ ಅರ್ಜಿಯನ್ನು ಯಂತ್ರವು ಆಸ್ತಿವಂತರ ಸಾಲಿಗೆ ಸೇರಿಸಿ ತಳ್ಳಿಹಾಕುತ್ತದೆ. ಸೂತ್ರ ತಪ್ಪಿಲ್ಲ, ಲೆಕ್ಕವೂ ತಪ್ಪಿಲ್ಲ. ತಿರಸ್ಕೃತ ಅರ್ಜಿಗಳ ಪಟ್ಟಿ ಹಿಡಿದು ಆ ಹೊಲದ ಬದುವಿನವರೆಗೆ ಹೋಗಿಬರುವ ಟ್ರಸ್ಟಿ ಯಾರು, ಅವರ ಸಹಿಗೆ ನಮೂನೆಯಲ್ಲಿ ಜಾಗ ಎಲ್ಲಿದೆ ಎಂಬುದನ್ನು ಗಣಕ ಕೊಳ್ಳುವ ಠರಾವಿಗೆ ಮೊದಲೇ ಸಭೆಯಲ್ಲಿ ಬರೆದಿಡಬೇಕು.